ದಪ್ಪ ಗೋಡೆಯ ನೇರಳೆ ಜೀವಿಗಳು

ಸಿವಿಲ್ ಓದುವವನಿಗೆ ಬ್ಯಾಕ್ಟೀರಿಯಾದ ಉಸಾಬರಿ ಯಾಕೋ ಎಂದು ರೂಮ್‌ಮೇಟ್ ಕೇಳುತ್ತಿರುತ್ತಾನೆ. ಇದೂ ಗೋಡೆಯ ವಿಷಯವೇ ಮಾರಾಯ ಎನ್ನುತ್ತೇನೆ.

‘ಗ್ರಾಂ ಪಾಸಿಟಿವ್’ ಎಂಬ ಮಾತು ಲ್ಯಾಬ್ ರಿಪೋರ್ಟ್‌ಗಳಲ್ಲಿ ಕಣ್ಣಿಗೆ ಬಿದ್ದಿರಬಹುದು. ಈ ಗ್ರಾಂ ತೂಕದ್ದಲ್ಲ, ಮನುಷ್ಯನ ಹೆಸರು. ಡೆನ್ಮಾರ್ಕ್‌ನ ವೈದ್ಯ ಹಾನ್ಸ್ ಕ್ರಿಶ್ಚಿಯನ್ ಗ್ರಾಂ ಬರ್ಲಿನ್‌ನಲ್ಲಿದ್ದಾಗ ಬ್ಯಾಕ್ಟೀರಿಯಾಗಳಿಗೆ ನೇರಳೆ ಬಣ್ಣ ಹಾಕಿ, ಅಯೋಡಿನ್ ಸೇರಿಸಿ, ಆಮೇಲೆ ಆಲ್ಕೋಹಾಲ್‌ನಿಂದ ತೊಳೆದು ನೋಡಿದರು. ಕೆಲವು ಬಣ್ಣ ಬಿಟ್ಟವು, ಕೆಲವು ಬಿಡಲಿಲ್ಲ. ಆ ವಿಧಾನ 1884ರಲ್ಲಿ ಪ್ರಕಟವಾಯಿತು. ಬಣ್ಣ ಬಿಡದವೇ ಗ್ರಾಂ ಪಾಸಿಟಿವ್. ಅವುಗಳ ಹೊರಗೋಡೆ ದಪ್ಪ, ಬಣ್ಣ ಅದರೊಳಗೆ ಸಿಕ್ಕಿಕೊಳ್ಳುತ್ತದೆ.

ಈ ಬಳಗ ದೊಡ್ಡದು. ಧನುರ್ವಾಯು, ಡಿಫ್ತೀರಿಯಾ, ಒಂದು ಬಗೆಯ ನ್ಯುಮೋನಿಯಾ ಎಲ್ಲ ಇವುಗಳದ್ದೇ ಕೆಲಸ. ಹಾಸ್ಟೆಲ್‌ನಲ್ಲಿ ಒಂದೇ ಟವೆಲ್ಲನ್ನು ಮೂವರು ಬಳಸಿದಾಗ ಒಬ್ಬನ ಕುರು ಇನ್ನೊಬ್ಬನಿಗೆ ದಾಟಿಸುವ ಸ್ಟಫೈಲೊಕಾಕಸ್ ಆರಿಯಸ್ ಕೂಡ ಇದೇ ಗುಂಪಿನದು. ಸೂಕ್ಷ್ಮದರ್ಶಕದಲ್ಲಿ ದ್ರಾಕ್ಷಿ ಗೊಂಚಲಿನಂತೆ ಕಾಣುತ್ತದೆ. ಆದರೆ ನನ್ನನ್ನು ಈ ವಿಷಯಕ್ಕೆ ಎಳೆದು ತಂದದ್ದು ಮಣಿ ಪೋಣಿಸಿದಂತೆ ಕಾಣುವ ಮತ್ತೊಂದು. ಅದರ ಹೆಸರು ಸ್ಟ್ರೆಪ್ಟೊಕಾಕಸ್ ಪಯೋಜಿನೀಸ್.

ನಮ್ಮ ದೊಡ್ಡಪ್ಪನ ಮಗಳು ಏಳನೇ ಕ್ಲಾಸಿನಲ್ಲಿದ್ದಾಗ ಗಂಟಲು ನೋವು ಬಂತು, ತಾನಾಗಿಯೇ ಹೋಯಿತು. ಎರಡು ಮೂರು ವಾರದ ಮೇಲೆ ಜ್ವರ, ಮಂಡಿ ಊತ. ಮಂಡಿ ಇಳಿಯಿತು ಅನ್ನುವಷ್ಟರಲ್ಲಿ ಮೊಣಕೈ ಊದಿತು. ಬೆಳೆಯುವ ವಯಸ್ಸಿನ ನೋವು ಅಂದರು ಮನೆಯಲ್ಲಿ. ಎಕೋ ಮಾಡಿಸಿದಾಗ ಹೃದಯದ ಒಂದು ಕವಾಟ ಸೋರುತ್ತಿರುವುದು ಗೊತ್ತಾಯಿತು. ಇದು ರುಮ್ಯಾಟಿಕ್ ಜ್ವರ. ಗಂಟಲಿನ ಬ್ಯಾಕ್ಟೀರಿಯಾ ವಿರುದ್ಧ ಹೋರಾಡಲು ಎದ್ದ ದೇಹದ ರಕ್ಷಣಾ ಪಡೆ ತನ್ನದೇ ಕೀಲುಗಳ ಮೇಲೆ, ಹೃದಯದ ಮೇಲೆ ತಿರುಗಿಬೀಳುತ್ತದೆ. ಐದರಿಂದ ಹದಿನೈದು ವರ್ಷದ ಮಕ್ಕಳಲ್ಲೇ ಇದು ಹೆಚ್ಚು.

ಮತ್ತೆ ಸೋಂಕು ತಗುಲಿದರೆ ಕವಾಟ ಇನ್ನಷ್ಟು ಕೆಡುತ್ತದೆ. ಹಾಗಾಗಿ ಅಕ್ಕನಿಗೆ ಅಂದಿನಿಂದ 21 ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್. ಕವಾಟ ಕೆಟ್ಟವರಿಗೆ ಇದು ನಲವತ್ತು ವರ್ಷ ವಯಸ್ಸಿನವರೆಗೂ ನಡೆಯಬಹುದು. ಹಾಲಿನಂಥ ಬಿಳಿ ಔಷಧ, ಚುಚ್ಚಿದ ಜಾಗ ಎರಡು ದಿನ ನೋಯುತ್ತದೆ.

ಪೆನಿಸಿಲಿನ್ ಕೆಲಸ ಮಾಡುವ ರೀತಿ ನನಗೆ ಬಹಳ ಇಷ್ಟ. ಬ್ಯಾಕ್ಟೀರಿಯಾ ಗೋಡೆ ಕಟ್ಟುವಾಗ ಸಾಲುಗಳನ್ನು ಬಿಗಿಯುವ ಅಡ್ಡ ಕೊಂಡಿಗಳನ್ನು ಅದು ಹಾಕಗೊಡುವುದಿಲ್ಲ. ಗೋಡೆ ಸಡಿಲವಾಗಿ, ಒಳಗೆ ನುಗ್ಗಿದ ನೀರಿನ ಒತ್ತಡಕ್ಕೆ ಜೀವಕೋಶ ಒಡೆಯುತ್ತದೆ. 1928ರಲ್ಲಿ ಫ್ಲೆಮಿಂಗ್ ಅವರ ತಟ್ಟೆಯಲ್ಲಿ ಬೂಸ್ಟಿನ ಸುತ್ತ ಕರಗಿಹೋಗಿದ್ದದ್ದು ಸ್ಟಫೈಲೊಕಾಕಸ್. 1940ರ ದಶಕದಲ್ಲೇ ಅದು ಪೆನಿಸಿಲಿನ್ ಮುರಿಯಲು ಕಲಿತುಬಿಟ್ಟಿತು. ಅದಕ್ಕೆಂದೇ ತಂದ ಮೆಥಿಸಿಲಿನ್‌ಗೂ ಜಗ್ಗದ ತಳಿ 1961ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ವರದಿಯಾಯಿತು. ಅಕ್ಕನ ಶತ್ರು ಮಾತ್ರ ಇಂದಿಗೂ ಹಳೆಯ ಪೆನಿಸಿಲಿನ್‌ಗೇ ಸಾಯುತ್ತದೆ. ಇಂಥ ಅಗ್ಗದ ಔಷಧದಿಂದ ತಡೆಯಬಹುದಾದ ಕಾಯಿಲೆಗೆ ಮಕ್ಕಳು ಹೃದಯ ಕಳೆದುಕೊಳ್ಳುತ್ತಾರಲ್ಲ, ಅದೇ ಸಿಟ್ಟು ನನಗೆ.

ಹಾಗೆಂದು ಗಂಟಲು ಕೆರೆದ ಕೂಡಲೇ ಮೆಡಿಕಲ್ ಸ್ಟೋರ್‌ಗೆ ಓಡಬೇಡಿ. ಹೆಚ್ಚಿನ ಗಂಟಲು ನೋವು ವೈರಸ್‌ನದು, ಆ್ಯಂಟಿಬಯೋಟಿಕ್‌ಗೆ ಅಲ್ಲಿ ಕೆಲಸವೇ ಇಲ್ಲ. ಕೆಮ್ಮು, ನೆಗಡಿ ಇಲ್ಲದೆ ಜೋರು ಜ್ವರ, ನುಂಗಲಾಗದ ನೋವು, ಕತ್ತಿನಲ್ಲಿ ಗಂಟು ಇದ್ದರೆ, ಅದೂ ಮನೆಯ ತಮ್ಮ ತಂಗಿಯರಿಗೆ ಬಂದರೆ, ಡಾಕ್ಟರ್ ಬಳಿ ಕರೆದೊಯ್ಯಿರಿ. ಒಂಬತ್ತು ದಿನದೊಳಗೆ ಚಿಕಿತ್ಸೆ ಶುರುವಾದರೆ ರುಮ್ಯಾಟಿಕ್ ಜ್ವರ ತಡೆಯಬಹುದು. ಮಾತ್ರೆಯಾದರೆ ಸಾಮಾನ್ಯವಾಗಿ ಹತ್ತು ದಿನ. ಮೂರನೇ ದಿನಕ್ಕೆ ನೋವು ಹೋದರೂ ಬರೆದುಕೊಟ್ಟಷ್ಟನ್ನೂ ಮುಗಿಸಬೇಕು.

ಅಕ್ಕ ಈಗ ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದಾಳೆ. ಕಳೆದ ಸಲ ಪರೀಕ್ಷೆ, ಇಂಜೆಕ್ಷನ್ ಎರಡೂ ಒಂದೇ ಭಾನುವಾರ ಬಂದಿದ್ದವು. ಶುಕ್ರವಾರವೇ ಚುಚ್ಚಿಸಿಕೊಂಡು, ಸ್ವಲ್ಪ ಕುಂಟುತ್ತಲೇ ಬಸ್ ಹತ್ತಿದಳು.