ಇನ್ಸುಲಿನ್ ಇಟ್ಟ ಫ್ರಿಜ್ಜಿನೊಳಗೆ ನಿಜವಾಗಿ ಎಷ್ಟು ಡಿಗ್ರಿ? ಟಿಎಂಪಿ117 ಬೋರ್ಡ್ ಜೋಡಿಸಿ ನೋಡೋಣ

ಈ ವಾರದ ವಿಡಿಯೋದಲ್ಲಿ ಆಡಿದ ಮಾತನ್ನೇ ಸ್ವಲ್ಪ ತಿದ್ದಿ ಇಲ್ಲಿ ಬರೆದಿದ್ದೇನೆ. ವಿಡಿಯೋದಲ್ಲಿ ಸ್ಕ್ರೀನಿನ ಅಂಕಿಗಳು ಬೇಗ ಬೇಗ ಓಡುತ್ತವೆ, ಬರಹದಲ್ಲಿ ನಿಧಾನಕ್ಕೆ ನೋಡಬಹುದು.

ಥಾಣೆಯಿಂದ ಡೊಂಬಿವಲಿ, ಕಲ್ಯಾಣದವರೆಗೆ, ಖಾಡಿಯ ಈಚೆ ನವಿಮುಂಬಯಿಯಲ್ಲಿ, ನಮ್ಮವರ ಮನೆಯ ಫ್ರಿಜ್ ತೆರೆದರೆ ದೋಸೆಹಿಟ್ಟಿನ ಪಾತ್ರೆ ಪಕ್ಕದಲ್ಲಿ ಇನ್ಸುಲಿನ್ ಡಬ್ಬಿ ಇರುವುದು ಈಗ ಅಪರೂಪ ಅಲ್ಲ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ ಇರಬೇಕು ಅಂತ ಡಬ್ಬಿ ಮೇಲೆಯೇ ಬರೆದಿರ್ತದೆ. ಬಿಸಿಯಾದರೆ ಅದರ ಶಕ್ತಿ ಮೆಲ್ಲಮೆಲ್ಲನೆ ಕುಂದುತ್ತದೆ. ಹೆಪ್ಪುಗಟ್ಟಿದರೆ ಮುಗಿಯಿತು, ಕರಗಿದ ಮೇಲೆ ನೋಡಲಿಕ್ಕೆ ಮೊದಲಿನ ಹಾಗೇ ಕಂಡರೂ ಬಳಸುವ ಹಾಗಿಲ್ಲ. ಇನ್ನು ಫ್ರಿಜ್ಜಿನ ಗುಂಡಿಯ ಮೇಲೆ 1, 2, 3 ಅಂತ ಅಂಕಿ ಇರ್ತದಲ್ಲ, ಅದು ಡಿಗ್ರಿ ಅಲ್ಲ. ಹೆಚ್ಚಿನ ಫ್ರಿಜ್ಜುಗಳಲ್ಲಿ ದೊಡ್ಡ ಅಂಕಿ ಅಂದ್ರೆ ಹೆಚ್ಚು ತಂಪು, ಅಷ್ಟೇ. ಒಳಗೆ ಎಷ್ಟು ಡಿಗ್ರಿ ಅಂತ ಆ ಗುಂಡಿ ಯಾರಿಗೂ ಹೇಳುವುದಿಲ್ಲ.

ಅದನ್ನು ತಿಳಿಯಲು ಇವತ್ತು ತೆಗೆದುಕೊಂಡದ್ದು ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಟಿಎಂಪಿ117 ಎಂಬ ಡಿಜಿಟಲ್ ಸೆನ್ಸರಿನ ಇವ್ಯಾಲ್ಯುಯೇಶನ್ ಬೋರ್ಡ್. ಹಾಗಂದ್ರೆ ಏನು? ಚಿಪ್ ಮಾಡುವ ಕಂಪನಿಗಳು, ಎಂಜಿನಿಯರುಗಳು ತಮ್ಮ ಚಿಪ್ಪನ್ನು ಪರೀಕ್ಷೆ ಮಾಡಿ ನೋಡಲಿ ಅಂತ ಎಲ್ಲ ಜೋಡಿಸಿಯೇ ಕೊಡುವ ಸಣ್ಣ ಬೋರ್ಡ್ ಅದು. ಈ ಸೆನ್ಸರ್ ಬರೀ 2 ಮಿಲಿಮೀಟರ್ ಉದ್ದ, 2 ಮಿಲಿಮೀಟರ್ ಅಗಲ. ಸಾಸಿವೆ ಕಾಳಿನಷ್ಟು ಇರುವುದಕ್ಕೆ ಮನೆಯಲ್ಲಿ ವೈರ್ ಬೆಸೆಯಲಿಕ್ಕೆ ಆಗುವ ಕೆಲಸ ಅಲ್ಲ. ಬೋರ್ಡ್ ಪೆನ್‌ಡ್ರೈವ್ ಆಕಾರದಲ್ಲಿ ಉಂಟು. ಒಂದು ತುದಿಯಲ್ಲಿ ಯುಎಸ್‌ಬಿ, ನಡುವೆ ಎಂಎಸ್‌ಪಿ430 ಜಾತಿಯ ಮೈಕ್ರೋಕಂಟ್ರೋಲರ್, ಇನ್ನೊಂದು ತುದಿಯಲ್ಲಿ ಸೆನ್ಸರ್. ಬೋರ್ಡನ್ನು ಆನ್‌ಲೈನಿನಲ್ಲಿ ತರಿಸುವುದೇ ಸಲೀಸು. ಪಿನ್ನು, ಜಂಪರ್ ವೈರು, ಸೋಲ್ಡರ್ ಬೇಕಾದರೆ ದಾದರಿನಲ್ಲಿ ಲೈನ್ ಬದಲಿಸಿ ಗ್ರಾಂಟ್ ರೋಡಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋದರಾಯ್ತು.

ಮೊದಲ ಜೋಡಣೆ ಸುಲಭ. ಲ್ಯಾಪ್‌ಟಾಪಿಗೆ ಚುಚ್ಚಿ, ಕಂಪನಿಯ ತಾಣದಲ್ಲಿ ಈ ಬೋರ್ಡಿಗೆ ಅಂತಲೇ ಇರುವ ಸಾಫ್ಟ್‌ವೇರ್ ತೆರೆಯಿರಿ. ಅದು ಬ್ರೌಸರಿನಲ್ಲೇ ಓಡುತ್ತದೆ. ಮೊದಲ ಸಲ ಒಂದು ಸಣ್ಣ ಸಹಾಯಕ ಪ್ರೋಗ್ರಾಂ ಹಾಕಿಕೊಳ್ಳಿ ಅಂತ ಕೇಳುತ್ತದೆ, ಹಾಕಿಕೊಳ್ಳಿ. ಕನೆಕ್ಟ್ ಆದ ಮೇಲೆ ಗ್ರಾಫ್ ಶುರುವಾಗುತ್ತದೆ. ನಡುವೆ ಎಲ್ಲಾದರೂ ಮೈನಸ್ 256 ಡಿಗ್ರಿ ಅಂತ ಬಂದರೆ ಗಾಬರಿ ಬೇಡ. ಮೊದಲ ಅಳತೆ ಇನ್ನೂ ಮುಗಿದಿಲ್ಲ ಅಂತ ಅರ್ಥ, ಅಲ್ಲಿಯವರೆಗೆ ಆ ರಿಜಿಸ್ಟರಿನಲ್ಲಿ ಇರುವ ಅಂಕಿ ಅದೇ. ಸೆನ್ಸರ್ ನಿಜವಾಗಿ ಮಾತಾಡುತ್ತಿದೆಯೇ ಅಂತ ಖಾತ್ರಿ ಬೇಕಾದರೆ ರಿಜಿಸ್ಟರ್ ಪುಟಕ್ಕೆ ಹೋಗಿ ಡಿವೈಸ್ ಐಡಿ ನೋಡಿ. ಹೆಕ್ಸ್ ಲೆಕ್ಕದಲ್ಲಿ 0117 ಅಂತ ಇರಬೇಕು. ಚಿಪ್ಪಿನ ಹೆಸರನ್ನೇ ಒಳಗೆ ಬರೆದಿಟ್ಟಿದ್ದಾರೆ, ನನಗಂತೂ ಇದು ಖುಷಿ ಕೊಟ್ಟ ಸಂಗತಿ.

ಸೆನ್ಸರ್ ಡಿಗ್ರಿಯನ್ನು ನೇರ ಕಳಿಸುವುದಿಲ್ಲ, ಒಂದು ಪೂರ್ಣಾಂಕ ಕಳಿಸುತ್ತದೆ. ಆ ಅಂಕಿಯನ್ನು 0.0078125ರಿಂದ ಗುಣಿಸಿದರೆ ಡಿಗ್ರಿ. ಈ ವಿಚಿತ್ರ ದಶಮಾಂಶ ಎಲ್ಲಿಂದ ಬಂತು ಅಂದ್ರೆ, ಒಂದು ಡಿಗ್ರಿಯನ್ನು 128 ಭಾಗ ಮಾಡಿದರೆ ಒಂದು ಭಾಗ ಅಷ್ಟೇ ಆಗುತ್ತದೆ. ಹಾಗಾಗಿ 128ರಿಂದ ಭಾಗಿಸಿದರೂ ಸರಿ. ರಿಜಿಸ್ಟರಿನಲ್ಲಿ 3200 ಇದ್ದರೆ 25 ಡಿಗ್ರಿ, 512 ಇದ್ದರೆ 4 ಡಿಗ್ರಿ. ನಮಗೆ ಬೇಕಾದ ಗಡಿಗಳು ಎರಡು: 2 ಡಿಗ್ರಿಗೆ 256, 8 ಡಿಗ್ರಿಗೆ 1024.

ಈಗ ಸ್ಕ್ರೀನಿನಲ್ಲಿ ದಶಮಾಂಶದ ಆಚೆ ನಾಲ್ಕೈದು ಅಂಕಿ ಕುಣಿಯುವುದು ಕಂಡು ಇದು ಬಹಳ ನಿಖರ ಅಂತ ಅನಿಸುತ್ತದೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ಸೆನ್ಸರ್ ಎಷ್ಟು ಸಣ್ಣ ವ್ಯತ್ಯಾಸ ತೋರಿಸಬಲ್ಲದು ಎಂಬುದು ಒಂದು, ಅದು ಹೇಳುವ ಅಂಕಿ ನಿಜಕ್ಕೆ ಎಷ್ಟು ಹತ್ತಿರ ಎಂಬುದು ಬೇರೆ. ಕಂಪನಿ ಭರವಸೆ ಕೊಡುವುದು, ಮೈನಸ್ 20ರಿಂದ 50 ಡಿಗ್ರಿವರೆಗೆ ತಪ್ಪಿದರೆ ಹೆಚ್ಚೆಂದರೆ 0.1 ಡಿಗ್ರಿ ಆಚೀಚೆ ಅಂತ. ಅದು ಒಳ್ಳೆಯ ಭರವಸೆಯೇ. ಆದರೆ ಅದು ಯಾವುದರ ತಾಪಮಾನ? ಸೆನ್ಸರಿನದ್ದೇ. ನಿಮ್ಮ ಇನ್ಸುಲಿನ್ನಿನದ್ದಲ್ಲ. ಸೆನ್ಸರಿಗೆ ತನ್ನ ಮೈ ಎಷ್ಟು ಬಿಸಿ ಅಂತ ಮಾತ್ರ ಗೊತ್ತು. ಆ ಮೈಯನ್ನು ಇನ್ಸುಲಿನ್ ಬಾಟಲಿಯ ತಾಪಮಾನಕ್ಕೆ ತರುವುದು ನಮ್ಮ ಕೆಲಸ, ಮತ್ತು ಕಷ್ಟ ಇರುವುದೂ ಅಲ್ಲೇ.

ಬೋರ್ಡನ್ನು ಲ್ಯಾಪ್‌ಟಾಪಿಗೆ ಚುಚ್ಚಿ ಹಾಗೇ ಬಿಟ್ಟರೆ ಕೋಣೆಗಿಂತ ಹೆಚ್ಚು ತೋರಿಸುತ್ತದೆ. ಲ್ಯಾಪ್‌ಟಾಪಿನ ಬಿಸಿ ಯುಎಸ್‌ಬಿ ಲೋಹದಿಂದ ಬೋರ್ಡಿನ ತಾಮ್ರಕ್ಕೆ, ತಾಮ್ರದಿಂದ ಸೆನ್ಸರಿಗೆ ಹರಿದು ಬರ್ತದೆ. ಮೈಕ್ರೋಕಂಟ್ರೋಲರ್ ತನ್ನ ಪಾಲು ಸೇರಿಸುತ್ತದೆ. ಸೆನ್ಸರ್ ತಾನೂ ಕರೆಂಟು ತಿಂದು ಒಂದಿಷ್ಟು ಬಿಸಿಯಾಗುತ್ತದೆ, ಆದರೆ ಅದು ಬಹಳ ಕಡಿಮೆ. ಮಾಮೂಲಿ ಸೆಟ್ಟಿಂಗಿನಲ್ಲಿ ಸೆಕೆಂಡಿಗೆ ಒಂದು ಸಲ ಎದ್ದು, 8 ಅಳತೆ ತೆಗೆದು ಸರಾಸರಿ ಮಾಡಿ, ಸುಮಾರು 125 ಮಿಲಿಸೆಕೆಂಡಿನಲ್ಲಿ ಕೆಲಸ ಮುಗಿಸಿ ಮಲಗಿಬಿಡುತ್ತದೆ. ಹಾಗಾಗಿ ನಿಜವಾದ ಕಳ್ಳ ಪಕ್ಕದವನೇ.

ಇದು ಬೋರ್ಡ್ ಮಾಡಿದವರಿಗೂ ಗೊತ್ತು. ಸೆನ್ಸರಿನ ಭಾಗಕ್ಕೂ ಮೈಕ್ರೋಕಂಟ್ರೋಲರಿನ ಭಾಗಕ್ಕೂ ನಡುವೆ ಸಾಲಾಗಿ ಸಣ್ಣ ತೂತುಗಳಿವೆ, ಮಾತ್ರೆ ಮುರಿಯುವ ಗೆರೆಯ ಹಾಗೆ. ಅಲ್ಲಿ ಮುರಿಯಲಿಕ್ಕೆಂದೇ ಮಾಡಿದ್ದು. ಹೊಸ ಬೋರ್ಡ್ ಮುರಿಯಲು ಕೈ ಬರುವುದಿಲ್ಲ, ಸಹಜ. ಆದರೆ ಫ್ರಿಜ್ಜಿನ ಕೆಲಸಕ್ಕೆ ಮುರಿಯದೆ ಉಪಾಯ ಇಲ್ಲ. ಮುರಿಯುವ ಮೊದಲು ಒಮ್ಮೆ ಚುಚ್ಚಿ ಎಲ್ಲ ಸರಿ ಓಡುತ್ತದಾ ನೋಡಿಕೊಳ್ಳಿ. ಮುರಿದ ಮೇಲೆ ಎರಡೂ ತುಂಡಿಗೆ ಪಿನ್ನು ಬೆಸೆದು ವೈರಿನಿಂದ ಜೋಡಿಸಿ: ಒಂದು ಪವರ್, ಒಂದು ಗ್ರೌಂಡ್, ಎಸ್‌ಡಿಎ ಮತ್ತು ಎಸ್‌ಸಿಎಲ್ ಎಂಬ ಎರಡು ಸಿಗ್ನಲ್. ಪವರ್ ಮತ್ತು ಗ್ರೌಂಡ್ ಅದಲುಬದಲಾದರೆ ಚಿಪ್ ಉಳಿಯುವುದಿಲ್ಲ, ಬೋರ್ಡಿನ ಮೇಲೆ ಅಚ್ಚಾದ ಅಕ್ಷರ ಎರಡೆರಡು ಸಲ ಓದಿ. ಈ ಸಿಗ್ನಲ್ ಒಂದೇ ಬೋರ್ಡಿನ ಮೇಲಿನ ಚಿಪ್ಪುಗಳು ಪರಸ್ಪರ ಮಾತಾಡಲು ಮಾಡಿದ್ದು, ಊರುದ್ದ ವೈರಿಗೆ ಅಲ್ಲ. ಒಂದು ಮೀಟರಿನೊಳಗೆ ಮುಗಿಸಿ. ವೈರು ತೆಳ್ಳಗೆ ಇರಲಿ, ಫ್ರಿಜ್ಜಿನ ಬಾಗಿಲಿನ ರಬ್ಬರ್ ಸರಿಯಾಗಿ ಮುಚ್ಚಬೇಕು. ಇನ್ನೊಂದು ಕಾರಣವೂ ಉಂಟು: ತಾಮ್ರದ ವೈರು ಹೊರಗಿನ ಬಿಸಿಯನ್ನು ಒಳಗೆ ತರ್ತದೆ. ಅದಕ್ಕೆ ಫ್ರಿಜ್ಜಿನ ಒಳಗೂ ಒಂದು ಗೇಣು ವೈರ್ ಸುರುಳಿ ಸುತ್ತಿ ಬಿಡಿ, ಸೆನ್ಸರಿಗೆ ಮುಟ್ಟುವ ಮೊದಲು ವೈರು ತಾನೇ ತಣ್ಣಗಾಗಲಿ.

ಫ್ರಿಜ್ಜಿಗೆ ಹಾಕುವ ಮುಂಚೆ ಒಂದು ಪರೀಕ್ಷೆ. ಫಿಲ್ಟರ್ ನೀರಿನಿಂದ ಮನೆಯಲ್ಲೇ ಐಸ್ ಮಾಡಿ, ಪುಡಿ ಮಾಡಿ ಥರ್ಮಾಸಿಗೆ ತುಂಬಿ, ಸಂದಿ ತುಂಬುವಷ್ಟು ತಣ್ಣೀರು ಹಾಕಿ. ಸೆನ್ಸರನ್ನು ತೆಳು ಪ್ಲಾಸ್ಟಿಕ್ಕಿನಲ್ಲಿ ಗಾಳಿ ಇಲ್ಲದ ಹಾಗೆ ಎರಡು ಪದರ ಸುತ್ತಿ ಐಸಿನ ನಡುವೆ ಇಳಿಸಿ. ಆಗಾಗ ಕದಡುತ್ತಾ ಕಾಲು ಗಂಟೆ ಕಾಯಿರಿ. ಕರಗುವ ಐಸ್ ಇರುವುದು 0 ಡಿಗ್ರಿಯಲ್ಲಿ, ಅದಕ್ಕೆ ಯಾವ ಲ್ಯಾಬೂ ಬೇಡ. ಗ್ರಾಫ್ ಸೊನ್ನೆಯ ಹತ್ತಿರ ಬಂದು ಚಪ್ಪಟೆಯಾಗಬೇಕು. ಅರ್ಧ ಡಿಗ್ರಿ ಮೇಲೆಯೇ ನಿಂತರೆ ಸೆನ್ಸರನ್ನು ಬೈಯುವ ಮೊದಲು ಪ್ಲಾಸ್ಟಿಕ್ಕಿನೊಳಗೆ ಗಾಳಿ ಉಳಿದಿದೆಯೇ, ಥರ್ಮಾಸಿನ ತಳದಲ್ಲಿ ಬರೀ ನೀರು ನಿಂತಿದೆಯೇ ನೋಡಿ. ಚಿಪ್ಪಿನಲ್ಲಿ ಆಫ್‌ಸೆಟ್ ಎಂಬ ರಿಜಿಸ್ಟರ್ ಇದೆ, ಅಲ್ಲಿ ಅಂಕಿ ತುಂಬಿ ರೀಡಿಂಗ್ ಸರಿಪಡಿಸಬಹುದು. ಅವಸರದಲ್ಲಿ ಅದನ್ನು ಮುಟ್ಟಬೇಡಿ. ನಮ್ಮ ಥರ್ಮಾಸಿಗಿಂತ ಆ ಕಾರ್ಖಾನೆಯ ಪರೀಕ್ಷೆ ಮೇಲೆ ನನಗೆ ನಂಬಿಕೆ ಹೆಚ್ಚು.

ಇಷ್ಟು ದುಡ್ಡು ಹಾಕಲಾಗದವರಿಗೆ ಡಿಎಸ್18ಬಿ20 ಎಂಬ ಸೆನ್ಸರ್ ಉಂಟು, ಉಕ್ಕಿನ ಕೊಳವೆಯೊಳಗೆ ಹಾಕಿ ಮಾರ್ತಾರೆ. ಅದು ಅರ್ಧ ಡಿಗ್ರಿ ಆಚೀಚೆ ಹೇಳುತ್ತದೆ, ನಕಲಿ ಮಾಲೂ ಧಾರಾಳ. ಅದಕ್ಕಂತೂ ಐಸ್ ಪರೀಕ್ಷೆ ತಪ್ಪಿಸಲೇಬಾರದು.

ಈಗ ಫ್ರಿಜ್. ಬರೀ ಗಾಳಿಯಲ್ಲಿ ಸೆನ್ಸರ್ ತೂಗಹಾಕಿದರೆ ಗ್ರಾಫ್ ಗರಗಸದ ಹಲ್ಲಿನ ಹಾಗೆ ಬರ್ತದೆ. ಕಂಪ್ರೆಸರ್ ಓಡಿದಾಗ ಇಳಿಯುತ್ತದೆ, ನಿಂತಾಗ ಏರುತ್ತದೆ, ಹಾಲಿಗೆ ಅಂತ ಬಾಗಿಲು ತೆರೆದಾಗ ಚಂಗನೆ ಮೇಲೆ ಹಾರುತ್ತದೆ. ಬಾಟಲಿಯೊಳಗಿನ ದ್ರವ ಹಾಗೆ ಕುಣಿಯುವುದಿಲ್ಲ, ಅದು ಸಾವಕಾಶ. ಅದಕ್ಕೆ ಒಂದು ಖಾಲಿ ಔಷಧಿ ಬಾಟಲಿಗೆ ನೀರು ತುಂಬಿ, ಪ್ಲಾಸ್ಟಿಕ್ ಸುತ್ತಿದ ಸೆನ್ಸರನ್ನು ಅದರ ಮೈಗೆ ಬಿಗಿಯಾಗಿ ಟೇಪ್ ಹಚ್ಚಿ, ಮೇಲೆ ಒಂದು ಬಟ್ಟೆ ಪದರ ಸುತ್ತಿ, ಇನ್ಸುಲಿನ್ ಪಕ್ಕದಲ್ಲೇ ಇಡಿ. ಲಸಿಕೆ ಇಡುವ ಫ್ರಿಜ್ಜುಗಳಲ್ಲೂ ಸೆನ್ಸರನ್ನು ದ್ರವದ ಬಾಟಲಿಯಲ್ಲಿ ಮುಳುಗಿಸಿ ಇಡುವ ಪದ್ಧತಿ ಇದೆ, ಕಾರಣ ಇದೇ. ಪ್ಲಾಸ್ಟಿಕ್ ಬಿಡಬೇಡಿ. ಮಳೆಗಾಲದಲ್ಲಿ ನಮ್ಮ ಕಡೆ ಬಾಗಿಲು ತೆರೆದ ಕೂಡಲೇ ಒಳಗೆ ಹನಿ ಕಟ್ಟುತ್ತದೆ, ಪಿನ್ನುಗಳ ನಡುವೆ ನೀರು ಕೂತರೆ ರೀಡಿಂಗ್ ಕೆಟ್ಟು ಆಮೇಲೆ ತುಕ್ಕು.

ಒಂದೊಂದು ಜಾಗದಲ್ಲಿ ಒಂದೊಂದು ದಿನ ಪೂರ್ತಿ ಇಟ್ಟು ನೋಡಿ. ಒಂಟಿ ಬಾಗಿಲಿನ ಫ್ರಿಜ್ಜಾದರೆ ಫ್ರೀಜರಿನ ಕೆಳಗಿನ ಟ್ರೇ, ಮತ್ತೆ ಹಿಂದಿನ ಗೋಡೆ, ಇವೆರಡರ ಮೇಲೆ ಸಂಶಯ ಇರಲಿ. ಹೆಪ್ಪುಗಟ್ಟುವ ಅಪಾಯ ಅಲ್ಲೇ ಹೆಚ್ಚು. ಬಾಗಿಲಿನ ಕಪಾಟು ಇನ್ನೊಂದು ಅತಿ, ದಿನವಿಡೀ ಬೆಚ್ಚಗಿನ ಗಾಳಿ ತಾಗ್ತಾ ಇರ್ತದೆ. ಸಾಮಾನ್ಯವಾಗಿ ನಡುವಿನ ಹಲಗೆ, ಮುಂದಿನ ಅರ್ಧ, ಗೋಡೆಗೆ ತಾಗದ ಹಾಗೆ ಒಂದು ಡಬ್ಬಿಯೊಳಗೆ ಇಟ್ಟರೆ ಒಳ್ಳೆಯದು. ಆದರೆ ನಿಮ್ಮ ಫ್ರಿಜ್ಜಿನ ಉತ್ತರ ನಿಮ್ಮ ಗ್ರಾಫಿನಲ್ಲೇ ಇರ್ತದೆ, ನನ್ನ ಮಾತಿನಲ್ಲಿ ಅಲ್ಲ. ರಾತ್ರಿಯ ಗ್ರಾಫ್ ತಪ್ಪದೆ ನೋಡಿ. ಯಾರೂ ಬಾಗಿಲು ತೆರೆಯದ ಹೊತ್ತು, ಫ್ರಿಜ್ ಅತಿ ತಣ್ಣಗಾಗುವುದು ಆಗಲೇ. ಲ್ಯಾಪ್‌ಟಾಪ್ ನಿದ್ದೆಗೆ ಹೋಗದ ಹಾಗೆ ಸೆಟ್ಟಿಂಗ್ ಬದಲಿಸಿ, ಇಲ್ಲವಾದರೆ ಬೆಳಿಗ್ಗೆ ಗ್ರಾಫಿನಲ್ಲಿ ಬರೀ ಕಿಂಡಿ.

ಚಿಪ್ಪಿನೊಳಗೇ ಎಚ್ಚರಿಕೆಯ ವ್ಯವಸ್ಥೆ ಉಂಟು. ಮೇಲಿನ ಮಿತಿ, ಕೆಳಗಿನ ಮಿತಿ ಅಂತ ಎರಡು ರಿಜಿಸ್ಟರ್. ಬರುವಾಗ ಅವುಗಳಲ್ಲಿ ಇರುವುದು 192 ಡಿಗ್ರಿ ಮತ್ತು ಮೈನಸ್ 256 ಡಿಗ್ರಿ, ಅಂದ್ರೆ ಫ್ರಿಜ್ಜಿಗೆ ಬೆಂಕಿ ಬಿದ್ದರೂ ಅದು ಸುಮ್ಮನೆ ಕೂತೀತು. ಗಡಿ ಮುಟ್ಟುವ ಮೊದಲೇ ಗೊತ್ತಾಗಲಿ ಅಂತ ನಾನು 7.5 ಮತ್ತು 2.5 ಡಿಗ್ರಿ ಇಡುತ್ತೇನೆ: 960 ಮತ್ತು 320. ಬೋರ್ಡ್ ಕಿತ್ತು ಮತ್ತೆ ಚುಚ್ಚಿದರೆ ಹಳೆಯ ಅಂಕಿ ವಾಪಸ್ ಬಂದಿರ್ತದೆ, ಪುನಃ ತುಂಬಬೇಕು. ಎಚ್ಚರಿಕೆಯ ಬಾವುಟ ರಿಜಿಸ್ಟರ್ ಓದಿದ ಕೂಡಲೇ ಇಳಿಯುತ್ತದೆ, ಹಾಗಾಗಿ ಬೆಳಿಗ್ಗೆ ಬಾವುಟ ಕಾಣದಿದ್ದರೆ ರಾತ್ರಿ ಏನೂ ಆಗಿಲ್ಲ ಅಂತ ಅಲ್ಲ.

ಇನ್ನು ಕರೆಂಟು. 2020ರ ಅಕ್ಟೋಬರ್ 12ರ ಬೆಳಿಗ್ಗೆ ನೆನಪಿದೆಯಲ್ಲ? ಕಳವಾ–ಪಡಘಾ ಲೈನಿನಲ್ಲಿ ತೊಂದರೆಯಾಗಿ ಮುಂಬಯಿ, ಥಾಣೆ, ನವಿಮುಂಬಯಿ ಎಲ್ಲ ಒಟ್ಟಿಗೆ ಕತ್ತಲು, ಲೋಕಲ್ ಗಾಡಿಗಳು ನಿಂತಲ್ಲೇ. ಅಂಥ ದಿನ ನಿಮ್ಮ ಫ್ರಿಜ್ ಎಷ್ಟು ಹೊತ್ತು 8ರ ಕೆಳಗೆ ಇರ್ತದೆ? ಇದನ್ನು ಮೊದಲೇ ಅಳೆದಿಡಬಹುದು. ಇನ್ಸುಲಿನ್ ಪಕ್ಕದ ಮನೆಯ ಫ್ರಿಜ್ಜಿಗೆ ಕಳಿಸಿ, ಹಾಲು, ಉಳಿದ ಅಡುಗೆ ಖಾಲಿ ಇರುವ ದಿನ ನೋಡಿಕೊಂಡು, ನೀರಿನ ಬಾಟಲಿಯ ಸೆನ್ಸರ್ ಒಳಗೇ ಬಿಟ್ಟು ಫ್ರಿಜ್ಜಿನ ಪ್ಲಗ್ ತೆಗೆಯಿರಿ. ಬಾಗಿಲು ತೆರೆಯಬೇಡಿ. ರೀಡಿಂಗ್ 1024 ದಾಟುವವರೆಗಿನ ಸಮಯ ಬರೆದುಕೊಳ್ಳಿ. ಲ್ಯಾಪ್‌ಟಾಪ್ ಆದರೆ ನಿಜವಾಗಿ ಕರೆಂಟು ಹೋದಾಗಲೂ ತನ್ನ ಬ್ಯಾಟರಿಯಲ್ಲಿ ಬೋರ್ಡನ್ನು ಓಡಿಸುತ್ತದೆ, ಡೆಸ್ಕ್‌ಟಾಪ್ ಆಗದು. ಈ ಪರೀಕ್ಷೆಯನ್ನು ಮೇ ತಿಂಗಳಲ್ಲಿ ಮಾಡಿ, ಜನವರಿಯ ಉತ್ತರ ಬೇಸಿಗೆಗೆ ಸಾಲದು. ಆಮೇಲೆ ಎರಡು ಮೂರು ದೊಡ್ಡ ನೀರಿನ ಬಾಟಲಿ ಒಳಗಿಟ್ಟು, ಅವು ತಣ್ಣಗಾಗಲು ಒಂದು ದಿನ ಬಿಟ್ಟು, ಇನ್ನೊಂದು ಸಲ ಮಾಡಿ ನೋಡಿ. ಸಮಯ ಹೆಚ್ಚಿರ್ತದೆ. ಎರಡೂ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಮನೆಯಲ್ಲಿ ಲ್ಯಾಪ್‌ಟಾಪ್ ಮುಟ್ಟದವರಿಗೂ ಓದಲಿಕ್ಕೆ ಆಗಬೇಕು.