ಕರುಳಿನ ಬೀಗ, ಕಳ್ಳ ಕೀಲಿ

ಉದಗೀರ ಮತ್ತು ನಿಲಂಗಾ 1956ರ ತನಕ ಬೀದರ ಜಿಲ್ಲೆಯಲ್ಲಿದ್ದ ಊರುಗಳು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಅವು ಅತ್ತ ಹೋದವು, ನಮ್ಮ ಕಾಸರಗೋಡು ಇತ್ತ ಬಂತು. ಇಂದು ಅವೆರಡೂ ಮಹಾರಾಷ್ಟ್ರದ ಲಾತೂರು ಜಿಲ್ಲೆಯಲ್ಲಿವೆ. ಉಮರ್ಗಾ ಧಾರಾಶಿವ ಜಿಲ್ಲೆಯಲ್ಲಿದೆ. ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ಬೇರೆ ಭಾಷೆ ಎಂಬ ಸಂಸಾರಗಳು ಅಲ್ಲಿಯೂ ಇವೆ. ಮಗುವಿಗೆ ಭೇದಿ ಹತ್ತಿದರೆ ಅಲ್ಲಿನ ತಾಯಿ ಆಸ್ಪತ್ರೆಯಲ್ಲಿ ‘ಹಗವಣ’ ಎನ್ನಬೇಕು. ಇಲ್ಲಿನವಳು ‘ವಯರಿಳಕ್ಕಂ’ ಎನ್ನಬೇಕು. ಹೆಸರು ಬೇರೆಯಾದರೂ ಬೇನೆ ಒಂದೇ.

ಆ ಸೀಮೆಗೆ ನೀರಿನ ಬರ ಹೊಸತಲ್ಲ. 2016ರ ಏಪ್ರಿಲಿನಲ್ಲಿ ಲಾತೂರು ನಗರಕ್ಕೆ ಮೀರಜ್‌ನಿಂದ ರೈಲಿನಲ್ಲಿ ನೀರು ತರಬೇಕಾಯಿತು. ನೀರು ಬತ್ತಿದಲ್ಲಿ ಸಿಕ್ಕಿದ ನೀರನ್ನೇ ಕುಡಿಯುವ ಪಾಡು. ನಮ್ಮಲ್ಲಿಯಾದರೋ ಮಳೆಗಾಲದ ಕೊಳೆ ಬಾವಿಗಿಳಿಯುವ ಪಾಡು. ಎರಡು ಕಡೆಯೂ ಮೊದಲು ಮಲಗುವುದು ಮಕ್ಕಳು.

ಇಂಥ ಭೇದಿಗೆ ಇರುವ ಹಲವು ಕಾರಣಗಳಲ್ಲಿ ಒಂದು, ಇ. ಕೊಲೈ ಎಂಬ ಬ್ಯಾಕ್ಟೀರಿಯಾದ ಒಂದು ಬಗೆ. ಅದು ಸ್ರವಿಸುವ ವಿಷ ಬಹಳ ಪುಟ್ಟದು. ಆದರೆ ಅದು ಒಳನುಗ್ಗುವ ರೀತಿ ಕುತೂಹಲಕರವಾಗಿದೆ.

ನಮ್ಮ ಕರುಳಿನಲ್ಲಿ ಗ್ವಾನಿಲಿನ್ ಎಂಬ ಹಾರ್ಮೋನು ಹುಟ್ಟುತ್ತದೆ. ಕರುಳಿನ ಒಳಪದರದ ಜೀವಕೋಶಗಳ ಮೇಲೆ ಅದಕ್ಕೆಂದೇ ಒಂದು ಗ್ರಾಹಕವಿದೆ. ಹಾರ್ಮೋನು ಕೀಲಿಯಾದರೆ ಗ್ರಾಹಕವೇ ಬೀಗ. ಕೀಲಿ ತಿರುಗಿದಾಗ ಕೋಶದೊಳಗೆ ಒಂದು ಸಂದೇಶವಸ್ತು ಹೆಚ್ಚಿ, ಉಪ್ಪಿನಂಶವೂ ನೀರೂ ಹದವಾಗಿ ಹೊರಬರುತ್ತವೆ. ಬ್ಯಾಕ್ಟೀರಿಯಾದ ವಿಷವು ಇದೇ ಬೀಗಕ್ಕೆ ಕಳ್ಳ ಕೀಲಿ. ಅದು ತಿರುಗಿತೆಂದರೆ ಹದವಿಲ್ಲ. ನೀರು ಸುರಿಯುತ್ತಲೇ ಇರುತ್ತದೆ.

ಇದನ್ನು ಕಂಡುಕೊಳ್ಳಲು ನೆರವಾದದ್ದು ಮೂತ್ರಪಿಂಡದ ಕೋಶ ಎಂದರೆ ಓದುಗರಿಗೆ ಅಚ್ಚರಿಯಾದೀತು. 1973ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಫ್ರಾಂಕ್ ಗ್ರಹಾಂ ಎಂಬ ವಿಜ್ಞಾನಿ, ಮಾನವ ಭ್ರೂಣದ ಮೂತ್ರಪಿಂಡದ ಕೋಶಗಳಿಗೆ ಅಡೆನೋವೈರಸ್ಸಿನ ಡಿಎನ್‌ಎ ತುಣುಕುಗಳನ್ನು ಸೇರಿಸಿದರು. ಅವರ 293ನೆಯ ಪ್ರಯೋಗದಲ್ಲಿ ಒಂದು ಸಂತತಿ ಸಾಯದೆ ಬೆಳೆಯುತ್ತ ಹೋಯಿತು. ಈ ‘ಎಚ್‌ಇಕೆ 293’ ಇಂದು ಜಗತ್ತಿನೆಲ್ಲೆಡೆ ಗಾಜಿನ ತಟ್ಟೆಗಳಲ್ಲಿ ಬೆಳೆಯುತ್ತಿದೆ. ಹೊರಗಿನ ಜೀನನ್ನು ಅದು ಸುಲಭವಾಗಿ ಒಪ್ಪಿಕೊಳ್ಳುತ್ತದೆ. ಗ್ರಾಹಕದ ಜೀನನ್ನು ಒಂದು ತಟ್ಟೆಯ ಕೋಶಗಳಿಗೆ ಕೊಟ್ಟು, ಇನ್ನೊಂದಕ್ಕೆ ಕೊಡದೆ, ಎರಡಕ್ಕೂ ಹಾರ್ಮೋನು ಹಾಕಿದರಾಯಿತು. ಮೊದಲನೆಯದು ಮಾತ್ರ ಉತ್ತರಿಸಿದರೆ ಅದು ಆ ಗ್ರಾಹಕದ್ದೇ ಉತ್ತರ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಧ್ಯಾ ವಿಶ್ವೇಶ್ವರಯ್ಯ ಅವರು ಈ ಗ್ರಾಹಕದ ಬಗ್ಗೆ ದಶಕಗಳ ಕಾಲ ಸಂಶೋಧನೆ ನಡೆಸಿದ್ದಾರೆ. 2012ರಲ್ಲಿ ನಾರ್ವೆಯ ಒಂದೇ ಕುಟುಂಬದ 32 ಮಂದಿಯ ದೀರ್ಘಕಾಲದ ಭೇದಿಗೆ ಕಾರಣ ಗೊತ್ತಾಯಿತು; ಆ ಅಧ್ಯಯನದಲ್ಲಿ ಅವರೂ ಭಾಗಿಗಳು. ಆ ಕುಟುಂಬದ ದೋಷಯುಕ್ತ ಜೀನನ್ನು ಮೂತ್ರಪಿಂಡದ ಕೋಶಗಳಲ್ಲಿಟ್ಟು ನೋಡಿದಾಗ, ಹಾರ್ಮೋನಿಗೆ ಅವು ಮಿತಿಮೀರಿ ಉತ್ತರಿಸಿದವು. ಬ್ಯಾಕ್ಟೀರಿಯಾವೇ ಬೇಕಿರಲಿಲ್ಲ, ಬೀಗವೇ ಸಡಿಲವಾಗಿತ್ತು.

ಇದರಿಂದ ಮನೆಮಂದಿಗೇನು ಲಾಭ? ವಿಷವು ನೀರನ್ನು ಹೊರದೂಡುವಾಗಲೂ ಕರುಳಿನಲ್ಲಿ ಇನ್ನೊಂದು ಬಾಗಿಲು ಕೆಡದೆ ಉಳಿದಿರುತ್ತದೆ. ಸಕ್ಕರೆ ಮತ್ತು ಉಪ್ಪು ಜೊತೆಯಾಗಿ ಬಂದರೆ ಅದು ಅವೆರಡನ್ನೂ ಒಳಗೆ ಕರೆದುಕೊಳ್ಳುತ್ತದೆ. ಅವುಗಳ ಹಿಂದೆ ನೀರೂ ಬರುತ್ತದೆ. ಬರಿಯ ನೀರಿಗಿಂತ ಓಆರ್‌ಎಸ್ ಮಗುವನ್ನು ಉಳಿಸುವುದು ಇದೇ ಕಾರಣಕ್ಕೆ.

ಪೊಟ್ಟಣದ ಮೇಲಿನ ಬರಹ ಯಾವ ಭಾಷೆಯಲ್ಲೇ ಇರಲಿ, ಅದರಲ್ಲಿ ಹೇಳಿದಷ್ಟೇ ನೀರು ಬೆರೆಸಬೇಕು. ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮ ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು. ಅಳತೆಗೆ ಟೀ ಚಮಚೆಯನ್ನೇ ಬಳಸಬೇಕು. ಉಪ್ಪು ಹೆಚ್ಚಾಗಬಾರದು. ಎದೆಹಾಲು ನಿಲ್ಲಿಸಬಾರದು. ಮಗು ಮಂಕಾಗಿ, ಕಣ್ಣು ಗುಳಿಬಿದ್ದು, ಮೂತ್ರ ಕಡಿಮೆಯಾದರೆ ಅಥವಾ ಮಲದಲ್ಲಿ ರಕ್ತ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು.