ಒಂದು ಹಾಳೆ, ಎಂಟು ಮುಖ

"ಇದನ್ನೇ ಸ್ವಲ್ಪ ಚಿಕ್ಕದು ಮಾಡಿಕೊಡಪ್ಪ" ಎಂದು ಆಕೆ ಮೊಬೈಲ್ ಮುಂದೆ ಹಿಡಿದರು. ಮದುವೆಮನೆಯ ಫೋಟೊ. ಮಗ ಜುಬ್ಬಾ ತೊಟ್ಟು ನಿಂತಿದ್ದಾನೆ, ಹೆಗಲ ಮೇಲೆ ಯಾರದೋ ಕೈ, ಹಿಂದೆ ಚೆಂಡುಹೂವಿನ ಮಂಟಪ. ಬೇಕಾಗಿದ್ದದ್ದು ಕಾಲೇಜಿನ ಐಡಿ ಕಾರ್ಡಿಗೆ. ಬಸ್‌ಸ್ಟ್ಯಾಂಡ್ ಎದುರಿನ ಸ್ಟುಡಿಯೊದ ಹುಡುಗ ನಕ್ಕ. "ಬರೀ ಚಿಕ್ಕದು ಮಾಡಿದ್ರೆ ಮುಖ ಕಡ್ಲೆಕಾಳಿನಷ್ಟಾಗುತ್ತೆ ಅಮ್ಮಾ. ಕತ್ತರಿಸ್ಬೇಕು."

ಝೆರಾಕ್ಸ್‌ಗೆಂದು ಹೋಗಿದ್ದ ನಾನು ಅಲ್ಲೇ ಸ್ಟೂಲ್ ಎಳೆದುಕೊಂಡೆ.

ನಮ್ಮಲ್ಲಿ ಪಾಸ್‌ಪೋರ್ಟ್ ಸೈಜ್ ಎಂದರೆ 35 ಮಿ.ಮೀ. ಅಗಲ, 45 ಮಿ.ಮೀ. ಎತ್ತರ. ಸ್ಟ್ಯಾಂಪ್ ಸೈಜ್ ಸುಮಾರು 20ಕ್ಕೆ 25. ಅಮೆರಿಕದ ವೀಸಾಕ್ಕೆ ಹೊರಟವರಿಗೆ ಎರಡಿಂಚು ಚೌಕ. ಕನ್ನಡಕ ಹಾಕುವವರು ಅದನ್ನೂ ತೆಗೆದಿಡಬೇಕು, 2016ರ ನವೆಂಬರಿನಿಂದ ಅಲ್ಲಿ ಅದಕ್ಕೆ ಅನುಮತಿಯಿಲ್ಲ. ಮೊದಲನೆಯದರ ಅಗಲ-ಎತ್ತರದ ಪ್ರಮಾಣ 7ಕ್ಕೆ 9, ಎರಡನೆಯದು 4ಕ್ಕೆ 5, ಮೂರನೆಯದು ಸರಿಸಮ. ಒಂದರ ಚೌಕಟ್ಟಿಗೆ ಇನ್ನೊಂದು ಕೂರುವುದಿಲ್ಲ. ಬಲವಂತವಾಗಿ ಎಳೆದು ಕೂರಿಸಿದರೆ ಏನಾಗುತ್ತದೆ ಎಂಬುದಕ್ಕೆ ನನ್ನದೇ ಒಂದು ಹಳೆಯ ಸದಸ್ಯತ್ವದ ಕಾರ್ಡು ಸಾಕ್ಷಿ: ಅದರಲ್ಲಿ ನಾನು ಹತ್ತು ಕೆ.ಜಿ. ಹೆಚ್ಚು ತೂಗುತ್ತೇನೆ.

ಹುಡುಗ ಮದುವೆ ಫೋಟೊದ ಮೇಲೆ ಒಂದು ಚೌಕಟ್ಟು ಎಳೆದ. 7:9 ಪ್ರಮಾಣವನ್ನು ಮೊದಲೇ ಕಟ್ಟಿಹಾಕಿದ್ದರಿಂದ ಹೇಗೆ ಎಳೆದರೂ ಅದು ಸೊಟ್ಟಗಾಗಲಿಲ್ಲ. ಮಂಟಪ ಹೋಯಿತು, ಜುಬ್ಬಾದ ಗುಂಡಿಗಳು ಹೋದವು. ಗಲ್ಲದಿಂದ ನೆತ್ತಿಯವರೆಗಿನ ಮುಖ ಚೌಕಟ್ಟಿನ ಮುಕ್ಕಾಲು ಪಾಲು ತುಂಬುವ ತನಕ ಬಿಗಿ ಮಾಡುತ್ತಾ ಬಂದ. ಕೂದಲ ಮೇಲೆ ಒಂದಿಷ್ಟು ಖಾಲಿ ಬಿಟ್ಟ. ಹೆಗಲ ಮೇಲಿದ್ದ ಕೈಯ ಎರಡು ಬೆರಳು ಮಾತ್ರ ಹೋಗಲೊಲ್ಲವು.

ಅವನು ಸೋತದ್ದು ಬೆರಳಿಗಲ್ಲ, ಚುಕ್ಕಿಗೆ. ಇಂಚಿಗೆ 300 ಚುಕ್ಕಿಯಂತೆ ಮುದ್ರಿಸಿದರೆ ಕಾಗದದ ಮೇಲೆ ಮುಖ ಸ್ಪಷ್ಟ. ಆ ಲೆಕ್ಕಕ್ಕೆ ಪಾಸ್‌ಪೋರ್ಟ್ ಸೈಜಿಗೆ 413ಕ್ಕೆ 531 ಪಿಕ್ಸೆಲ್ ಬೇಕು. ಮದುವೆ ಫೋಟೊ ವಾಟ್ಸ್‌ಆ್ಯಪ್ ಗ್ರೂಪಿನಿಂದ ಗ್ರೂಪಿಗೆ ಹಾರಿ ಸವೆದು ಬಂದಿತ್ತು. ಕತ್ತರಿಸಿದ ಮೇಲೆ ಉಳಿದ ಅಗಲ ನೂರೈವತ್ತು ಪಿಕ್ಸೆಲ್ ಕೂಡ ಇಲ್ಲ. ಇಲ್ಲದ ಚುಕ್ಕಿಯನ್ನು ಎಲ್ಲಿಂದ ತರುವುದು? "ಮಗನ್ನೇ ಕರೀರಿ ಅಮ್ಮಾ, ಎರಡು ನಿಮಿಷದ ಕೆಲಸ."

ಮಗ ಬಂದ. ಬಿಳಿ ಪರದೆ, ಎರಡು ದೀಪ, "ಗಲ್ಲ ಸ್ವಲ್ಪ ಕೆಳಗೆ." ಆಮೇಲೆ ನಾಲ್ಕಕ್ಕೆ ಆರು ಇಂಚಿನ ಒಂದು ಹಾಳೆಯಲ್ಲಿ ಅವನು ನಾಲ್ಕರಂತೆ ಎರಡು ಸಾಲು, ಎಂಟು ಸಲ ಮೂಡಿದ. ಹಾಳೆ ಉದ್ದಕ್ಕೆ 152 ಮಿ.ಮೀ., ಅಡ್ಡಕ್ಕೆ 102. ಸುತ್ತಲೂ ಬ್ಲೇಡ್ ಆಡಿಸಲು ಒಂದಷ್ಟು ಜಾಗ ಉಳಿಯುತ್ತದೆ.

ಎಂಟರ ಲೆಕ್ಕ ಹೊಸದಲ್ಲ. ಪ್ಯಾರಿಸ್ಸಿನ ಡಿಸ್ಡೆರಿ ಎಂಬ ಫೋಟೊಗ್ರಾಫರ್ 1854ರಲ್ಲಿ ಪೇಟೆಂಟ್ ಪಡೆದ ವಿಧಾನವೂ ಇಂಥದ್ದೇ: ಹಲವು ಲೆನ್ಸಿನ ಕ್ಯಾಮೆರಾ, ಒಂದೇ ಗಾಜಿನ ಫಲಕದ ಮೇಲೆ ಸಾಮಾನ್ಯವಾಗಿ ಎಂಟು ಚಿತ್ರ, ಕತ್ತರಿಸಿ ರಟ್ಟಿಗೆ ಅಂಟಿಸಿದರೆ ವಿಸಿಟಿಂಗ್ ಕಾರ್ಡಿನಷ್ಟು. ಶ್ರೀಮಂತರ ಸೊತ್ತಾಗಿದ್ದ ಭಾವಚಿತ್ರ ಅಗ್ಗವಾದದ್ದು ಹೀಗೆ. 1925ರಲ್ಲಿ ಸೈಬೀರಿಯಾ ಮೂಲದ ಅನಾಟೊಲ್ ಜೋಸೆಫೊ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಫೋಟೊಮೇಟನ್ ಬೂತ್ ತೆರೆದಾಗಲೂ 25 ಸೆಂಟಿಗೆ ಸಿಗುತ್ತಿದ್ದದ್ದು ಎಂಟೇ.

ಮನೆಯಲ್ಲೇ ಪ್ರಿಂಟ್ ತೆಗೆಯುವವರಿಗೆ ಹುಡುಗನದೊಂದು ಎಚ್ಚರಿಕೆ ಇದೆ. ಪ್ರಿಂಟರಿನ 'ಫಿಟ್ ಟು ಪೇಜ್' ಆಯ್ಕೆ ತೆಗೆದು ನೂರು ಪರ್ಸೆಂಟ್ ಇಡಬೇಕು. ಇಲ್ಲದಿದ್ದರೆ ಹಾಳೆಯ ಅಂಚಿಗೆ ಹೊಂದಿಸುವ ನೆಪದಲ್ಲಿ ಅದು 35ನ್ನು 33 ಮಾಡಿಬಿಡುತ್ತದೆ. ಸ್ಕೇಲ್ ಇಟ್ಟು ನೋಡದೆ ಕತ್ತರಿ ಹಿಡಿಯಬೇಡಿ.

ಈಗಿನ ದೊಡ್ಡ ತಲೆನೋವು ಮಿಲಿಮೀಟರ್ ಅಲ್ಲ, ಕೆ.ಬಿ. ಬ್ಯಾಂಕ್ ಕೆಲಸದ ಐಬಿಪಿಎಸ್ ಅರ್ಜಿ 200ಕ್ಕೆ 230 ಪಿಕ್ಸೆಲ್, 20ರಿಂದ 50 ಕೆ.ಬಿ. ಒಳಗಿನ ಫೋಟೊ ಕೇಳುತ್ತದೆ. ಪಿಕ್ಸೆಲ್ ಇಳಿಸದೆ ಗುಣಮಟ್ಟವನ್ನಷ್ಟೇ ಹಿಂಡಿ ಕೆ.ಬಿ. ಕಡಿಮೆ ಮಾಡಿದರೆ ಕೆನ್ನೆಯೆಲ್ಲ ಚೌಕುಳಿ. ಮೊದಲು ಕತ್ತರಿ, ಆಮೇಲೆ ಪಿಕ್ಸೆಲ್, ಹಿಂಡುವುದು ಕೊನೆಗೆ. ಅರ್ಜಿಯ ಕೊನೆಯ ದಿನ ಸಂಜೆ ಐದಕ್ಕೆ ಅಂಗಡಿಗೆ ಓಡಿ ಬರುವವರಿಗೆ ಈ ಕ್ರಮ ಹೇಳಲು ಪುರುಸೊತ್ತೆಲ್ಲಿ?

ತಮಾಷೆಯೆಂದರೆ, ನಮ್ಮ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ದೊಡ್ಡವರಿಂದ ಪಾಸ್‌ಪೋರ್ಟ್ ಸೈಜ್ ಫೋಟೊ ಕೇಳುವುದೇ ಇಲ್ಲ, ಕೌಂಟರಿನಲ್ಲೇ ತೆಗೆಯುತ್ತಾರೆ. ಆಧಾರ್ ಕಾರ್ಡಿಗೂ ಹಾಗೆಯೇ. ಆ ಹೆಸರು ಹೊತ್ತ ಫೋಟೊ ಬದುಕಿರುವುದು ಹಾಸ್ಟೆಲ್, ಬಸ್ ಪಾಸ್, ಸೊಸೈಟಿ, ಹಾಲ್ ಟಿಕೆಟ್‌ಗಳ ದಯೆಯಿಂದ.

ಹುಡುಗ ಸ್ಕೇಲ್ ಒತ್ತಿ ಬ್ಲೇಡ್ ಎಳೆದ. ಎಂಟು ತುಂಡುಗಳೂ ಕೌಂಟರಿನ ಮೇಲೆ ಬಿದ್ದವು. "ಎರಡು ಸಾಕಿತ್ತಲ್ಲಪ್ಪ, ಎಂಟ್ಯಾಕೆ?" ಎಂದರು ತಾಯಿ.

"ಎರಡಾದ್ರೂ ಅದೇ ಹಾಳೆ, ಅದೇ ರೇಟು ಅಮ್ಮಾ."

ಆಕೆ ಪರ್ಸಿನಿಂದ ಒಂದು ಪುಟ್ಟ ಕವರ್ ತೆಗೆದು ಅವುಗಳನ್ನು ಒಳಗೆ ತೂರಿಸಿದರು. ಅದರಲ್ಲಾಗಲೇ ಮಗನ ಎಸ್ಸೆಸ್ಸೆಲ್ಸಿ ಕಾಲದ ಐದು ಮುಖಗಳು, ಮೀಸೆ ಮೂಡುವ ಮುಂಚಿನವು, ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು.